ಕೆರೆ ಒಂದೇ, ಕಾಫಿಗೂ ಬೇಕು ಟೊಮೆಟೊಗೂ ಬೇಕು: ನೀರು ಎಲ್ಲಿ ಕಡಿಮೆ ಮಾಡಲಿ?

ಗುಡ್ಡೆಹೊಸೂರು ತೋಟ | ಜನವರಿ 18

ಎಲ್ಲರಿಗೂ ನಮಸ್ಕಾರ. ನಮ್ಮದು ಗುಡ್ಡೆಹೊಸೂರಿನಿಂದ ಸುಂಟಿಕೊಪ್ಪ ಕಡೆ ಹೋಗುವಾಗ ಸಿಗುವ ಜಾಗ. ಮೇಲೆ ಮೂರು ಎಕರೆ ರೊಬಸ್ಟಾ ಕಾಫಿ, ಕೆಳಗೆ ಗದ್ದೆ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಮುಕ್ಕಾಲು ಎಕರೆ ಟೊಮೆಟೊ ಹಾಕಿದ್ದೇನೆ. ಡಿಸೆಂಬರ್ ಕೊನೆಯಲ್ಲಿ ನಾಟಿ ಆಯಿತು. ಹೈಬ್ರಿಡ್ ತಳಿ, ಕೋಲು ಕಟ್ಟಿ ಬೆಳೆಸುವಂಥದ್ದು. ಹನಿ ನೀರಾವರಿ ಇದೆ.

ಸಮಸ್ಯೆ ಕೆರೆಯದ್ದು. ಎರಡಕ್ಕೂ ಒಂದೇ ಕೆರೆ. ಈ ಸಲ ಮಳೆ ಬೇಗ ನಿಂತಿತು, ಕೆರೆ ಪೂರ್ತಿ ತುಂಬಲಿಲ್ಲ. ಫೆಬ್ರವರಿಯಲ್ಲಿ ಕಾಫಿಗೆ ಹೂವಿನ ನೀರು, ಅಂದರೆ ಹೂ ಅರಳಿಸುವ ನೀರು, ಕೊಡಲೇಬೇಕು. ಅದನ್ನು ಬಿಟ್ಟರೆ ವರ್ಷದ ಬೆಳೆಯೇ ಹೋಯಿತು.

ಪಕ್ಕದ ತೋಟದವರು ಹೇಳುತ್ತಾರೆ, ಟೊಮೆಟೊಗೆ ನೀರು ಅರ್ಧ ಮಾಡು, ಹಣ್ಣು ಸಿಹಿ ಆಗುತ್ತದೆ, ಬೆಳೆಯೇನೂ ಕಡಿಮೆ ಆಗಲ್ಲ ಅಂತ. ನಮ್ಮಮ್ಮ ಹೇಳುತ್ತಾರೆ, ಗಿಡವನ್ನು ಉಪವಾಸ ಕೆಡವಿ ಸಿಹಿ ಹಣ್ಣು ಕೇಳುವವರನ್ನು ನಾನು ನೋಡಿಲ್ಲ ಅಂತ. ಯಾರು ಸರಿ? ಮಾಡಿ ನೋಡಿದವರು ಹೇಳಿ.

ಶಿರಂಗಾಲ ಗದ್ದೆ | ಜನವರಿ 18

ನಿಮ್ಮಮ್ಮ ಸರಿ. ನೀರು ಅರ್ಧ, ಬೆಳೆ ಅರ್ಧ. ಇದಕ್ಕೆ ಚರ್ಚೆ ಯಾಕೆ.

ಮಣ್ಣಿನ ಮೇಷ್ಟ್ರು | ಜನವರಿ 19

ಅಷ್ಟು ಸಲೀಸಾಗಿ ಮುಗಿಯುವ ಲೆಕ್ಕ ಅಲ್ಲ ಸ್ವಾಮಿ. ನಾನು ಕೃಷಿ ಪಾಠ ಮಾಡಿ ನಿವೃತ್ತನಾದವನು, ಈಗ ಸೋಮವಾರಪೇಟೆ ಕಡೆ ನನ್ನದೇ ಸ್ವಲ್ಪ ತರಕಾರಿ ಇದೆ. ಮಾತು ಉದ್ದ ಆದರೆ ಸಹಿಸಿಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸೋಣ. ನೀರು ಉಳಿಸುವುದು ಬೇರೆ, ಗಿಡಕ್ಕೆ ಕೊರತೆ ಮಾಡುವುದು ಬೇರೆ. ಸಾಲಿನಲ್ಲಿ ನೀರು ಹಾಯಿಸುವವರು ಅರ್ಧ ಕಡಿಮೆ ಮಾಡಿದೆ, ಬೆಳೆ ಹಾಗೇ ಬಂತು ಅಂದರೆ ನಂಬಬಹುದು. ಅವರು ಮೊದಲು ಹಾಯಿಸುತ್ತಿದ್ದ ನೀರಲ್ಲಿ ತುಂಬಾ ಪಾಲು ಬೇರಿನ ಕೆಳಗೆ ಇಳಿದು ಹೋಗುತ್ತಿತ್ತು. ಅವರು ನಿಲ್ಲಿಸಿದ್ದು ಪೋಲನ್ನು, ಗಿಡದ ಪಾಲನ್ನಲ್ಲ. ನಿಮ್ಮ ಪಕ್ಕದ ತೋಟದವರದ್ದು ಸಾಲು ನೀರು ಇರಬೇಕು, ಕೇಳಿ ನೋಡಿ. ನಿಮ್ಮದು ಹನಿ ನೀರು. ಅಲ್ಲಿ ಅರ್ಧ ಅಂದರೆ ನಿಜವಾಗಿ ಗಿಡದ ಬಾಯಿಂದಲೇ ಅರ್ಧ ಕಿತ್ತುಕೊಂಡ ಹಾಗೆ.

ಇನ್ನು ಕೊರತೆಯ ವಿಷಯ. ನಾಟಿಯಿಂದ ಲೆಕ್ಕ ಹಾಕಿದರೆ 90ರಿಂದ 120 ದಿನದ ಟೊಮೆಟೊಗೆ ಸುಮಾರು 400ರಿಂದ 600 ಮಿಲಿಮೀಟರ್ ನೀರು ಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಯಾವ ಬೆಳೆಗೆ ಯಾವ ಹಂತದಲ್ಲಿ ನೀರು ತಪ್ಪಿದರೆ ಎಷ್ಟು ಪೆಟ್ಟು ಅಂತ ಒಂದು ಲೆಕ್ಕ ಕೊಟ್ಟಿತು. ಟೊಮೆಟೊಗೆ ಆ ಅಂಕಿ ಹೀಗಿದೆ. ಗಿಡ ಬೆಳೆಯುವ ಹಂತದಲ್ಲಿ 0.4. ಹೂವಿನ ಹಂತದಲ್ಲಿ 1.1. ಕಾಯಿ ದಪ್ಪ ಆಗುವಾಗ 0.8. ಹಣ್ಣಾಗುವಾಗ ಮತ್ತೆ 0.4. ಇಡೀ ಬೆಳೆಗೆ ಒಂದೇ ಸಮ ಕಡಿಮೆ ಮಾಡಿದರೆ 1.05.

ಅರ್ಥ ಏನು? ಗಿಡಕ್ಕೆ ಬೇಕಾದ ನೀರಲ್ಲಿ 20 ಶೇಕಡಾ ಕೊರತೆ ಹೂವಿನ ಕಾಲದಲ್ಲಿ ಬಿದ್ದರೆ ಬೆಳೆ 22 ಶೇಕಡಾ ಕಡಿಮೆ. ಅಷ್ಟೇ ಕೊರತೆ ಹಣ್ಣಾಗುವಾಗ ಬಿದ್ದರೆ 8 ಶೇಕಡಾ ಕಡಿಮೆ. ನೀರಿನ ಅಳತೆ ಒಂದೇ, ಪೆಟ್ಟು ಮೂರು ಪಾಲು ಬೇರೆ. ಶಿರಂಗಾಲದವರು ಹೇಳಿದ್ದು ಇಡೀ ಬೆಳೆಗೆ ಒಂದೇ ಸಮ ಕಡಿತ ಮಾಡಿದಾಗ ಹೆಚ್ಚು ಕಡಿಮೆ ಸರಿ. ಆದರೆ ಒಂದೇ ಸಮ ಕಡಿತ ಮಾಡಿ ಅಂತ ನಿಮಗೆ ಯಾರು ಹೇಳಿದರು?

ಸಿದ್ದಾಪುರ ರೊಬಸ್ಟಾ | ಜನವರಿ 19

ನಾನು ಕಾಫಿಯವನು, ಟೊಮೆಟೊ ಬಗ್ಗೆ ತಿಂದು ಗೊತ್ತು ಅಷ್ಟೇ. ಅದೂ ಕಡಿಮೆ, ನಮ್ಮ ಮನೆಯಲ್ಲಿ ಹುಳಿಗೆ ಕಾಚಂಪುಳಿ ಇದೆ. ಆದರೆ ನೀರಿನ ಲೆಕ್ಕ ಮೊದಲು ಮಾಡಿ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. ರೊಬಸ್ಟಾಗೆ ಹೂವಿಗೆ ಒಂದು ಇಂಚು, ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಇಂಚು. ನಿಮ್ಮ ಮೂರು ಎಕರೆಗೆ ಎರಡು ಸಲ ಸೇರಿ 6 ಲಕ್ಷ ಲೀಟರ್. ಮೇಷ್ಟ್ರು ಹೇಳಿದ 400ರಿಂದ 600 ಮಿ.ಮೀ. ಅಂದರೆ ಟೊಮೆಟೊ ಒಂದು ಎಕರೆಗೆ 16ರಿಂದ 24 ಲಕ್ಷ ಲೀಟರ್ ಕುಡಿಯುತ್ತದೆ! ಎಂಟರಿಂದ ಹನ್ನೆರಡು ಎಕರೆ ಕಾಫಿಗೆ ಎರಡೂ ಸಲ ಕೊಡುವಷ್ಟು ನೀರು. ಕೆರೆ ಎಷ್ಟು ದೊಡ್ಡದು?

ಗುಡ್ಡೆಹೊಸೂರು ತೋಟ | ಜನವರಿ 20

ಕೆರೆಯಲ್ಲಿ ಈಗ ಅಂದಾಜು 12 ಲಕ್ಷ ಲೀಟರ್ ಇದೆ. ಒರತೆಯಿಂದ ದಿನಕ್ಕೆ ನಾಲ್ಕು ಸಾವಿರ ಲೀಟರ್ ಬರುತ್ತದೆ. ಒಂದು ಟ್ಯಾಂಕ್ ಖಾಲಿ ಮಾಡಿ ತುಂಬಿಸಿ ನೋಡಿದೆ. ಪಕ್ಕದವರನ್ನೂ ಕೇಳಿದೆ. ಮೇಷ್ಟ್ರೇ, ನೀವು ಹೇಳಿದ್ದೇ ನಿಜ. ಅವರದ್ದು ಸಾಲು ನೀರು.

ಮಣ್ಣಿನ ಮೇಷ್ಟ್ರು | ಜನವರಿ 20

ಸರಿ, ಕಾಗದದ ಮೇಲೆ ಹಾಕೋಣ. ಬಿಸಿಲುಗಾಲದಲ್ಲಿ ದಿನಕ್ಕೆ 5 ಮಿ.ಮೀ. ಆವಿ ಅಂತ ಇಟ್ಟುಕೊಳ್ಳಿ. ಸಣ್ಣ ಗಿಡಕ್ಕೆ ಅದರ 0.6 ಪಾಲು ಸಾಕು. ತುಂಬಿದ ಗಿಡಕ್ಕೆ 1.15 ಪಾಲು ಬೇಕು. ನಿಮ್ಮ ನಾಟಿ ಅಂತರ ನಾಲ್ಕು ಅಡಿ, ಎರಡು ಅಡಿ ಇದ್ದರೆ ಈಗ ಗಿಡಕ್ಕೆ ದಿನಕ್ಕೆ 2 ಲೀಟರ್ ಚಿಲ್ಲರೆ, ಫೆಬ್ರವರಿ ನಡುವಿಗೆ 4 ಲೀಟರ್ ಚಿಲ್ಲರೆ. ನಾಲ್ಕು ಸಾವಿರ ಗಿಡ. ಇನ್ನು 90 ದಿನಕ್ಕೆ ಪೂರ್ತಿ ನೀರು ಕೊಟ್ಟರೆ 13 ಲಕ್ಷ ಲೀಟರ್. ಕಾಫಿಗೆ 6 ಲಕ್ಷ. ಕೆರೆಯ ಮೇಲಿಂದ ಆವಿಯಾಗಿ ಹೋಗುವುದು ಎರಡೂವರೆ ಲಕ್ಷ ಹಿಡಿಯಿರಿ. ಒಟ್ಟು ಇಪ್ಪತ್ತೊಂದೂವರೆ. ಇರುವುದು ಒರತೆ ಸೇರಿ ಹದಿನೈದೂವರೆ.

ಆರು ಲಕ್ಷ ಲೀಟರ್ ಕೊರತೆ. ಪೂರ್ತಿ ಟೊಮೆಟೊ ಮೇಲೆ ಹಾಕಿದರೆ ನಿಜಕ್ಕೂ ಅರ್ಧವೇ.

ಮಡಿಕೇರಿ ಟೆರೇಸ್ | ಜನವರಿ 20

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಹೊಯ್ಯುವ ಊರಲ್ಲಿ ಕೂತು ಇದನ್ನು ಓದುತ್ತಿದ್ದೇನೆ. ನಮ್ಮ ಓಣಿಗೂ ಮಾರ್ಚ್ ಬಂದರೆ ಟ್ಯಾಂಕರ್ ನೀರೇ ಗತಿ. ಬಿದ್ದದ್ದೆಲ್ಲಾ ಕಾವೇರಿ ಪಾಲು.

ನನ್ನ ಅನುಭವ ಕುಂಡದ್ದು. ಹೋದ ವರ್ಷ ಊರಿಗೆ ಹೋಗಿ ನಾಲ್ಕು ದಿನ ನೀರು ಹಾಕಿರಲಿಲ್ಲ. ಬಂದ ತಕ್ಷಣ ಪಾಪ ಅಂತ ಬಕೆಟ್‌ಗಟ್ಟಲೆ ಸುರಿದೆ. ಮಾರನೇ ದಿನ ಅರ್ಧ ಹಣ್ಣು ಒಡೆದಿತ್ತು. ಇನ್ನರ್ಧದ ತಳ ಕಪ್ಪಾಗಿ ಕೊಳೆಯಿತು. ಅಂಗಡಿಯಲ್ಲಿ ರೋಗ ಅಂತ ಔಷಧಿ ಕೊಟ್ಟರು. ಹೊಡೆದರೂ ಹೋಗಲಿಲ್ಲ.

ಮಣ್ಣಿನ ಮೇಷ್ಟ್ರು | ಜನವರಿ 21

ಹೋಗುವುದಿಲ್ಲ, ಯಾಕೆಂದರೆ ಅದು ರೋಗವೇ ಅಲ್ಲ. ಹಣ್ಣಿನ ತುದಿಗೆ ಸುಣ್ಣದ ಅಂಶ ಮುಟ್ಟದೆ ಬರುವ ಕೊಳೆ. ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ಗಿಡದೊಳಗೆ ನೀರಿನ ಜೊತೆಗೇ ಸಾಗಬೇಕು. ನೀರು ಕಡಿಮೆ ಆದಾಗ ಇರುವಷ್ಟನ್ನು ಎಲೆಗಳು ಎಳೆದುಕೊಳ್ಳುತ್ತವೆ. ಕಾಯಿಯ ಆಚೆ ತುದಿ ಖಾಲಿ. ಎಲೆಗೆ ಮೊದಲ ಪಂಕ್ತಿ, ಕಾಯಿಗೆ ಕೊನೆ ಪಂಕ್ತಿ. ನಮ್ಮ ಕೊಡಗಿನ ಮಣ್ಣು ಮೊದಲೇ ಹುಳಿ ಮಣ್ಣು, ಮಳೆಗೆ ಸುಣ್ಣ ತೊಳೆದು ಹೋಗಿರುತ್ತದೆ. ನಾಟಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿದವರಿಗೆ ಈ ಕಾಟ ಕಡಿಮೆ.

ಹಣ್ಣು ಒಡೆಯುವುದು ಬೇರೆ ಕಥೆ. ನೀರು ಕಡಿಮೆ ಇದ್ದಾಗ ಸಿಪ್ಪೆ ಗಟ್ಟಿಯಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಒಮ್ಮೆಲೇ ನೀರು ಬಂದರೆ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ತಡೆಯುವುದಿಲ್ಲ. ಕೊರತೆಯಿಂದ ಆಗುವ ನಷ್ಟಕ್ಕಿಂತ ಏರುಪೇರಿನಿಂದ ಆಗುವ ನಷ್ಟ ಜಾಸ್ತಿ. ಗುಡ್ಡೆಹೊಸೂರಿನವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಬೆಂಗಳೂರು ಆರೋಗ್ಯ ಪ್ರಿಯ | ಜನವರಿ 21

ನೀರು ಕಡಿಮೆ ಕೊಟ್ಟ ಟೊಮೆಟೊದಲ್ಲಿ ಲೈಕೋಪೀನ್, ಅದೇ ಹಣ್ಣಿಗೆ ಕೆಂಪು ಬಣ್ಣ ಕೊಡುವ ಅಂಶ, ಡಬಲ್ ಆಗುತ್ತಂತೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಬರೆದು ಡಬಲ್ ರೇಟಿಗೆ ಮಾರಬಹುದಲ್ವಾ?

ಮಣ್ಣಿನ ಮೇಷ್ಟ್ರು | ಜನವರಿ 21

ಡಬಲ್ ಅಂತ ಯಾರು ಅಳೆದರೋ ಕಾಣೆ. ಸಕ್ಕರೆ ಅಂಶ, ಹುಳಿ, ಒಣ ಪದಾರ್ಥ ಹೆಚ್ಚುವುದು ಬಹುತೇಕ ನಿಜ. ಹಣ್ಣಿಗೆ ನೀರು ಕಡಿಮೆ ಸೇರಿದಾಗ ಇರುವುದೇ ಗಟ್ಟಿಯಾಗುತ್ತದೆ, ಸಾರು ಕುದಿಸಿ ಬತ್ತಿಸಿದ ಹಾಗೆ. ಲೈಕೋಪೀನ್ ಹಾಗಲ್ಲ. ತಳಿ ನೋಡಿ, ಬಿಸಿಲು ನೋಡಿ ಬದಲಾಗುತ್ತದೆ. ಬಿಸಿ 30-32 ಡಿಗ್ರಿ ದಾಟಿದರೆ ಕೆಂಪು ಬಣ್ಣ ಕಟ್ಟುವುದೇ ಕುಂಠಿತ. ಅತಿಯಾಗಿ ನೀರು ಕಡಿಮೆ ಮಾಡಿದರೆ ಎಲೆ ಸುರುಟಿ ಹಣ್ಣಿಗೆ ನೇರ ಬಿಸಿಲು ಬೀಳುತ್ತದೆ. ಆಗ ಕೆಂಪಿನ ಬದಲು ಬಿಳಿ ಹಳದಿ ಸುಟ್ಟ ಕಲೆ. ಅದನ್ನು ಆರೋಗ್ಯ ಅಂತ ಮಾರಲು ಆಗುವುದಿಲ್ಲ.

ತರಕಾರಿ ಲೈನ್ ಕುಶಾಲನಗರ | ಜನವರಿ 22

ನಾನು ಹತ್ತು ವರ್ಷದಿಂದ ಟೊಮೆಟೊ ಎತ್ತಿ ಮೈಸೂರಿಗೆ ಕಳಿಸುವವನು. ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಂಡಿಯಲ್ಲಿ ಯಾರೂ ಕಚ್ಚಿ ನೋಡುವುದಿಲ್ಲ. ಗಾತ್ರ, ಬಣ್ಣ, ಒತ್ತಿದರೆ ಗಟ್ಟಿ ಇದೆಯಾ ಅಷ್ಟೇ. ಸಣ್ಣ ಹಣ್ಣು ಎರಡನೇ ದರ್ಜೆಗೆ ಬೀಳುತ್ತದೆ. ನಿಮ್ಮ ಸಿಹಿಗೆ ಒಂದು ರೂಪಾಯಿ ಜಾಸ್ತಿ ಬರಲ್ಲ.

ಒಂದೇ ಒಂದು ಲಾಭ ಇದೆ. ನೀರು ತುಂಬಿಸಿ ಬೆಳೆದ ಹಣ್ಣು ಕ್ರೇಟಿನ ತಳದಲ್ಲಿ ಒಡೆದು ರಸ ಸೋರುತ್ತದೆ. ಕೊಯ್ಲಿಗೆ ಮೊದಲು ನೀರು ಕಡಿಮೆ ಮಾಡಿದ ಹಣ್ಣು ನನ್ನ ಕೈಯಲ್ಲಿ ಎರಡು ದಿನ ಜಾಸ್ತಿ ನಿಲ್ಲುತ್ತದೆ. ಕೊಯ್ಯುವ ಹಿಂದಿನ ದಿನ ತೂಕ ಬರಲಿ ಅಂತ ನೀರು ಬಿಡುವವರು ಯಾರು ಅಂತ ನಮಗೆ ಹೆಸರು ಸಮೇತ ಗೊತ್ತಿರುತ್ತದೆ.

ಶಿರಂಗಾಲ ಗದ್ದೆ | ಜನವರಿ 22

ಆ ಕೊನೆಯ ಸಾಲು ನನಗೆ ಹೇಳಿದ್ದಾ?

ತರಕಾರಿ ಲೈನ್ ಕುಶಾಲನಗರ | ಜನವರಿ 22

ಹೆಸರು ಹೇಳಿಲ್ಲ ಅಣ್ಣಾ.

ಶನಿವಾರಸಂತೆ ಸೊಪ್ಪು | ಜನವರಿ 23

ಮೇಷ್ಟ್ರ ಲೆಕ್ಕ ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ತೂತು ಇದೆ. ಹೂವಿನ ಹಂತ, ಹಣ್ಣಿನ ಹಂತ ಅಂತ ಬೇರೆ ಬೇರೆ ಬರೆದಿದ್ದೀರಿ. ಒಮ್ಮೆಲೇ ಹೂ ಬಿಟ್ಟು ಒಮ್ಮೆಲೇ ಹಣ್ಣಾಗುವ ಗಿಡ್ಡ ತಳಿಗೆ ಅದು ಸರಿ. ಕೋಲು ಕಟ್ಟುವ ಹೈಬ್ರಿಡ್‌ನಲ್ಲಿ ಕೆಳಗಿನ ಗೊಂಚಲು ಕೆಂಪಾಗುವಾಗ ಮೇಲೆ ಇನ್ನೂ ಹೂ ಬಿಡುತ್ತಿರುತ್ತದೆ. ಕೆಳಗಿನ ಹಣ್ಣಿಗೆ ಅಂತ ನೀರು ಕಡಿಮೆ ಮಾಡಿದರೆ ಮೇಲಿನ ಹೂ ಉದುರುತ್ತದೆ. ಆಗ ಏನು ಮಾಡೋಣ?

ಮಣ್ಣಿನ ಮೇಷ್ಟ್ರು | ಜನವರಿ 23

ಭೇಷ್. ನಾನು ಪಾಠ ಮಾಡುತ್ತಿದ್ದಾಗ ಒಬ್ಬರೂ ಇದನ್ನು ಕೇಳಲಿಲ್ಲ.

ಒಂದೇ ದಾರಿ ಕಾಣುತ್ತದೆ. ಗಿಡಕ್ಕೆ ಎಷ್ಟು ಗೊಂಚಲು ಅಂತ ನೀವೇ ತೀರ್ಮಾನ ಮಾಡಬೇಕು. ಆರನೆಯದೋ ಏಳನೆಯದೋ ಗೊಂಚಲು ಕಟ್ಟಿದ ಮೇಲೆ ಕುಡಿ ಚಿವುಟಿ. ಅಲ್ಲಿಂದಾಚೆ ಹೂ ಇಲ್ಲ. ಕಾಯಿ ದಪ್ಪ ಆಗುವುದು, ಹಣ್ಣಾಗುವುದು ಅಷ್ಟೇ. ಆಗ ನೀರು ಇಳಿಸುವುದಕ್ಕೆ ಅರ್ಥ ಬರುತ್ತದೆ. ಬೆಲೆ ಏರಿದರೆ ಇನ್ನೂ ನಾಲ್ಕು ಗೊಂಚಲು ಕೊಯ್ಯಬಹುದಿತ್ತು ಅಂತ ಕೈ ಹಿಸುಕಿಕೊಳ್ಳುತ್ತೀರಿ, ಅದೂ ನಿಜ. ಕೆರೆಯಲ್ಲಿ ನೀರಿಲ್ಲದವರಿಗೆ ಆ ಆಸೆ ಇರಬಾರದು.

ಶನಿವಾರಸಂತೆ ಸೊಪ್ಪು | ಜನವರಿ 23

ಕೇಳಿದ್ದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನಮ್ಮಲ್ಲಿ ಹನಿ ಪೈಪ್ ಇರಲಿಲ್ಲ. ನಾನು ಸಾಲು ಬಿಟ್ಟು ಸಾಲು ನೀರು ಹಾಯಿಸಿದೆ. ಈ ವಾರ ಗಿಡದ ಎಡಗಡೆ ಸಾಲು, ಮುಂದಿನ ವಾರ ಬಲಗಡೆ. ಅರ್ಧ ಬೇರು ಹಸಿ, ಅರ್ಧ ಬೇರು ಒಣ. ಒಣಗಿದ ಬೇರು ಎಲೆಗೆ ಸುದ್ದಿ ಕಳಿಸುತ್ತದಂತೆ. ಎಲೆ ತನ್ನ ರಂಧ್ರ ಸ್ವಲ್ಪ ಮುಚ್ಚುತ್ತದೆ, ಆದರೆ ಹಸಿ ಬೇರು ಇರುವುದರಿಂದ ಗಿಡ ಬಾಡುವುದಿಲ್ಲ. ಗಿಡವನ್ನು ಸುಮ್ನೆ ಹೆದರಿಸುವುದು ಅಂತ ನಾನು ಕರೆಯುತ್ತೇನೆ. ಸೊಪ್ಪು ಕಡಿಮೆ ಆಯಿತು, ಪಕ್ಕದ ಕುಡಿ ಚಿವುಟುವ ಕೂಲಿ ಉಳಿಯಿತು. ಕಾಯಿ ಅಷ್ಟೇನೂ ಕಡಿಮೆ ಅನಿಸಲಿಲ್ಲ. ತೂಕ ಮಾಡಿ ಇಟ್ಟಿಲ್ಲ, ಅದು ನನ್ನ ತಪ್ಪು.

ಇನ್ನೊಂದು, ಶುಂಠಿ ಹಾಕಿದ್ದ ಜಾಗಕ್ಕೆ ಟೊಮೆಟೊ ಹಾಕಬೇಡಿ. ಎರಡಕ್ಕೂ ದುಂಡಾಣು ಸೊರಗು ರೋಗ ಬರುತ್ತದೆ. ಗಿಡ ಬಾಡಿದ್ದು ನೀರಿಲ್ಲದೆ ಅಂದುಕೊಂಡು ಇನ್ನಷ್ಟು ನೀರು ಬಿಡುತ್ತೀರಿ, ನೀರಿನ ಜೊತೆ ರೋಗ ಇಡೀ ಸಾಲಿಗೆ ಹರಿಯುತ್ತದೆ. ಕಾಂಡ ಕತ್ತರಿಸಿ ಗ್ಲಾಸಿನ ನೀರಲ್ಲಿ ಹಿಡಿದರೆ ಬಿಳಿ ಹೊಗೆಯ ಹಾಗೆ ಇಳಿಯುತ್ತದೆ. ಹಾಗೆ ಇಳಿದರೆ ಅದು ಬಾಯಾರಿಕೆ ಅಲ್ಲ.

ಗುಡ್ಡೆಹೊಸೂರು ತೋಟ | ಜನವರಿ 24

ನಮ್ಮದು ಭತ್ತದ ಗದ್ದೆ, ಶುಂಠಿ ಹಾಕಿಲ್ಲ. ಬಚಾವ್.

ಮುಂದಿನ ಸಲಕ್ಕೆ ತಳಿ ಬದಲಿಸಿದರೆ ಹೇಗೆ?

ಮಣ್ಣಿನ ಮೇಷ್ಟ್ರು | ಜನವರಿ 24

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೇಘಾಲಿ ಮಳೆಯಾಶ್ರಿತಕ್ಕೆ ಅಂತಲೇ ಬಂದದ್ದು. ಅರ್ಕಾ ರಕ್ಷಕ್ ಎಲೆ ಮುದುಡು, ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುತ್ತದೆ, ಆದರೆ ನೀರು ಕೇಳುತ್ತದೆ. ಅದೇ ಸಂಸ್ಥೆಯ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲಿದೆ, ಕೃಷಿ ವಿಜ್ಞಾನ ಕೇಂದ್ರ ಗೋಣಿಕೊಪ್ಪದಲ್ಲಿದೆ. ಹೋಗಿ ಕೇಳಿ. ಈ ಸಲಕ್ಕೆ ಇರುವ ಗಿಡದಲ್ಲೇ ಸಂಸಾರ ಮಾಡೋಣ.

ನನ್ನ ಸಲಹೆ ಹೀಗಿದೆ. ಹೂ ಕಾಣುವವರೆಗೆ, ಅಂದರೆ ಇನ್ನು ಹತ್ತು ಹದಿನೈದು ದಿನ, ಬೇಕಾದ್ದರ ಮೂರನೇ ಎರಡು ಪಾಲು. ದಿನಾ ಸ್ವಲ್ಪ ಸ್ವಲ್ಪ ಕೊಡಬೇಡಿ. ಎರಡು ದಿನಕ್ಕೊಮ್ಮೆ ಕೊಡಿ, ಆಳಕ್ಕೆ ಇಳಿಯಲಿ, ಬೇರು ಅದನ್ನು ಹುಡುಕಿಕೊಂಡು ಹೋಗಲಿ. ಹೂ ಶುರುವಾದ ಮೇಲೆ ಒಂದು ತಿಂಗಳು ಪೂರ್ತಿ ನೀರು. ಅಲ್ಲಿ ಜಿಪುಣತನ ಬೇಡವೇ ಬೇಡ. ಕಾಯಿ ದಪ್ಪ ಆಗುವಾಗ ಮುಕ್ಕಾಲು. ಹಣ್ಣು ಬಣ್ಣ ತಿರುಗಿ, ಕುಡಿ ಚಿವುಟಿದ ಮೇಲೆ ಅರ್ಧ. ಇಳಿಸುವಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಹೀಗೆ ಮಾಡಿದರೆ 13 ಲಕ್ಷದ ಜಾಗದಲ್ಲಿ ಸುಮಾರು 10 ಲಕ್ಷ ಸಾಕು. ನೀರಿನ ಜೊತೆ ಬಿಡುವ ಗೊಬ್ಬರವನ್ನೂ ಅದೇ ಲೆಕ್ಕದಲ್ಲಿ ಇಳಿಸಿ. ಕಡಿಮೆ ನೀರಲ್ಲಿ ಪೂರ್ತಿ ಗೊಬ್ಬರ ಬಿಟ್ಟರೆ ಬೇರಿನ ಸುತ್ತ ಉಪ್ಪು ಕಟ್ಟುತ್ತದೆ.

ಗಿಡ ಮಧ್ಯಾಹ್ನ ಸ್ವಲ್ಪ ಜೋತು ಬಿದ್ದರೆ ಗಾಬರಿ ಬೇಡ. ಬೆಳಿಗ್ಗೆ ಏಳು ಗಂಟೆಗೆ ಹೋಗಿ ನೋಡಿ. ಆಗಲೂ ಜೋತು ಬಿದ್ದಿದ್ದರೆ ನೀವು ಮಿತಿ ದಾಟಿದ್ದೀರಿ. ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ. ಉಂಡೆ ಕಟ್ಟಿ ನಿಂತರೆ ಸರಿ. ಪುಡಿಯಾಗಿ ಉದುರಿದರೆ ಅವತ್ತೇ ನೀರು.

ಕೊನೆಗೆ ಒಂದು ಬೇಡಿಕೆ. ಎರಡು ಸಾಲಿಗೆ ಪೂರ್ತಿ ನೀರು ಬಿಡಿ. ಹೋಲಿಸಿ ನೋಡಲು ಏನೂ ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ನಾವೆಲ್ಲಾ ಇಲ್ಲೇ ಕೂತು ಮತ್ತೆ ಇದೇ ಜಗಳ ಆಡುತ್ತೇವೆ.

ಸಿದ್ದಾಪುರ ರೊಬಸ್ಟಾ | ಜನವರಿ 24

ಟೊಮೆಟೊಗೆ 10, ಕಾಫಿಗೆ 6, ಆವಿ ಎರಡೂವರೆ. ಆದರೂ 3 ಲಕ್ಷ ಕಡಿಮೆ ಬೀಳುತ್ತದಲ್ಲ. ಅದು ಸರಿಯಾಗಿ ಕಾಫಿಯ ಎರಡನೇ ಸಲದ ನೀರು. ಹೂವಿನ ನೀರು ಕೊಟ್ಟುಬಿಡಿ. ಎರಡನೆಯದನ್ನು ಮಳೆಗೆ ಬಿಡಿ. ಜೂಜು ಅಂತ ಗೊತ್ತು. ಕೊಡಗಿನಲ್ಲಿ ಕಾಫಿ ಬೆಳೆಯುವವನು ಮಾರ್ಚ್ ಮಳೆ ಮೇಲೆ ಜೂಜು ಆಡದೆ ಇರುವುದು ಯಾವಾಗ?

ಗುಡ್ಡೆಹೊಸೂರು ತೋಟ | ಜನವರಿ 26

ಒಪ್ಪಿದೆ. ಬದುವಿನ ಪಕ್ಕದ ಎರಡು ಸಾಲಿಗೆ ಬೇರೆ ಗೇಟ್‌ವಾಲ್ವ್ ಹಾಕಿಸಿದೆ. ಗಿಡದ ಬುಡಕ್ಕೆ ಭತ್ತದ ಹುಲ್ಲು ಹಾಸಿದೆ. ಹಸುವಿನ ಪಾಲು ಟೊಮೆಟೊಗೆ ಹಾಕಿದೆ ಅಂತ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಾರೆ.

ಗುಡ್ಡೆಹೊಸೂರು ತೋಟ | ಫೆಬ್ರವರಿ 21

ಒಂದು ಅನಾಹುತ. ಫೆಬ್ರವರಿ 10ರ ರಾತ್ರಿ ಆನೆ ಬಂದಿತ್ತು. ಬೇಲಿ ಮುರಿದು ಗದ್ದೆಯ ಮೂಲೆಯಿಂದ ಹಾದು ಹೋಗಿದೆ. ಗಿಡ ಹೆಚ್ಚು ತುಳಿದಿಲ್ಲ. ಬೇಲಿ ಸರಿ ಮಾಡಿ ಸುಮ್ಮನಾದೆವು. ಆಮೇಲೆ ಎಲ್ಲರೂ ಕಾಫಿಗೆ ಸ್ಪ್ರಿಂಕ್ಲರ್ ಸಾಗಿಸುವುದರಲ್ಲಿ ಮುಳುಗಿದೆವು. 19ಕ್ಕೆ ಹೋಗಿ ನೋಡಿದರೆ ಆಚೆ ತುದಿಯ ಎರಡು ಸಾಲು ಪೂರ್ತಿ ಬಾಡಿವೆ. ಆನೆಯ ಕಾಲ ಕೆಳಗೆ ಸಿಕ್ಕಿ ಆ ಎರಡು ಸಾಲಿನ ಪೈಪ್ ಸೀಳಿತ್ತು. ಒಂಬತ್ತು ದಿನ ಒಂದು ಹನಿ ಹೋಗಿಲ್ಲ. ಸರಿಯಾಗಿ ಹೂ ತುಂಬಿದ್ದ ಹೊತ್ತು. ಬುಡದಲ್ಲೆಲ್ಲಾ ಉದುರಿದ ಹೂವು.

ಈಗ ಪೈಪ್ ಹಾಕಿದೆ. ಕುಂಡದವರ ಮಾತು ನೆನಪಿತ್ತು, ಒಮ್ಮೆಲೇ ಸುರಿಯಲಿಲ್ಲ. ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪ ಏರಿಸಿದೆ. ಗಿಡ ಬದುಕಿದೆ.

ಕಾಫಿಗೆ ಹೂವಿನ ನೀರು 17ಕ್ಕೆ ಮುಗಿಯಿತು.

ಶಿರಂಗಾಲ ಗದ್ದೆ | ಫೆಬ್ರವರಿ 21

ಅಯ್ಯೋ. ಆ ಗಿಡದ ಎಲೆ ಕೆಳಗೆ ನೋಡಿ, ಜೇಡ ನುಸಿ ಬಂದಿರುತ್ತದೆ. ಒಣಗಿದ ಗಿಡ ಅಂದರೆ ಅದಕ್ಕೆ ಹಬ್ಬ.

ಗುಡ್ಡೆಹೊಸೂರು ತೋಟ | ಫೆಬ್ರವರಿ 22

ಬಂದಿದೆ. ಹೇಳಿದ್ದು ಒಳ್ಳೆಯದಾಯಿತು. ಆ ಎರಡು ಸಾಲಲ್ಲಿ ಮಾತ್ರ ಇದೆ, ಬೇರೆ ಕಡೆ ಕಾಣಲಿಲ್ಲ.

ಗುಡ್ಡೆಹೊಸೂರು ತೋಟ | ಮಾರ್ಚ್ 11

ಮಾರ್ಚ್ 9ರ ಸಂಜೆ ಮಳೆ ಬಂತು! ಮುಕ್ಕಾಲು ಗಂಟೆ ಚೆನ್ನಾಗಿ ಹೊಯ್ದಿದೆ. ಅಳತೆ ಡಬ್ಬಿಯಲ್ಲಿ ಒಂದು ಇಂಚಿಗೆ ಸ್ವಲ್ಪ ಜಾಸ್ತಿ. ಹೂವಿನ ನೀರು ಮುಗಿದು ಸರಿಯಾಗಿ ಇಪ್ಪತ್ತು ದಿನ. ಮೇಲಿನ ತೋಟದಲ್ಲಿ ನಿಂತಾಗ ದೇವರು ಕಣ್ಣು ಬಿಟ್ಟ ಅನಿಸಿತು.

ಕೆಳಗೆ ಗದ್ದೆಗೆ ಇಳಿದಾಗ ಬೇರೆ ಅನಿಸಿತು. ಮೊದಲ ಗೊಂಚಲು ಬಣ್ಣ ತಿರುಗಿತ್ತು. ನೀರು ಮುಕ್ಕಾಲಿಗೆ ಇಳಿಸಿದ್ದ ಸಾಲುಗಳಲ್ಲಿ ಹತ್ತಕ್ಕೆ ಮೂರು ನಾಲ್ಕು ಹಣ್ಣು ತೊಟ್ಟಿನ ಸುತ್ತ ಒಡೆದಿವೆ. ಪೂರ್ತಿ ನೀರಿನ ಎರಡು ಸಾಲಲ್ಲಿ ಹತ್ತಕ್ಕೆ ಒಂದು. ಹಸಿರು ಕಾಯಿಗೆ ಏನೂ ಆಗಿಲ್ಲ.

ಮಣ್ಣಿನ ಮೇಷ್ಟ್ರು | ಮಾರ್ಚ್ 11

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಮಳೆ ಬರುವ ಸೂಚನೆ ಇದ್ದರೆ ಬಣ್ಣ ತಿರುಗುತ್ತಿರುವ ಹಣ್ಣನ್ನು ಮೊದಲೇ ಕಿತ್ತುಬಿಡಬೇಕು, ಒಳಗೆ ಇಟ್ಟರೂ ಕೆಂಪಾಗುತ್ತದೆ. ವಾಲ್ವ್ ನಮ್ಮ ಕೈಯಲ್ಲಿದೆ, ಮೋಡ ಇಲ್ಲ. ಕೋಲಾರದ ಕಡೆಗಿಂತ ನಮಗೆ ಈ ವಿಷಯದಲ್ಲಿ ಅಪಾಯ ಜಾಸ್ತಿ. ಈಗ ಎರಡು ಮೂರು ದಿನ ವಾಲ್ವ್ ಬಂದ್ ಮಾಡಿ.

ತರಕಾರಿ ಲೈನ್ ಕುಶಾಲನಗರ | ಮಾರ್ಚ್ 11

ಒಡೆದದ್ದನ್ನು ಕ್ರೇಟಿಗೆ ಹಾಕಬೇಡಿ. ಒಂದು ಒಡೆದ ಹಣ್ಣು ಹತ್ತನ್ನು ಕೆಡಿಸುತ್ತದೆ. ಇಲ್ಲಿನ ಹೋಟೆಲ್‌ಗೆ ಚಟ್ನಿಗೆ ಕೊಡಿಸುತ್ತೇನೆ, ಬಂದಷ್ಟು ಬರಲಿ.

ಗುಡ್ಡೆಹೊಸೂರು ತೋಟ | ಏಪ್ರಿಲ್ 19

ಕೊಯ್ಲು ಬಹುತೇಕ ಮುಗಿಯಿತು. ಲೆಕ್ಕ ಕೊಡುತ್ತೇನೆ. ಎಲ್ಲವೂ ಎರಡೆರಡು ಸಾಲಿನದ್ದು. ಒಂದು ಸಾಲಿಗೆ ಸುಮಾರು ನೂರು ಗಿಡ, ಕ್ರೇಟ್ 25 ಕೆಜಿಯದ್ದು.

ಪೂರ್ತಿ ನೀರು ಕುಡಿದ ಎರಡು ಸಾಲು 34 ಕ್ರೇಟ್ ಕೊಟ್ಟವು. ಮೇಷ್ಟ್ರ ಲೆಕ್ಕದಲ್ಲಿ ಹೋದ ಸಾಲುಗಳಲ್ಲಿ ನಡುವಿನ ಎರಡನ್ನು ಎಣಿಸಿದೆ, 29 ಕ್ರೇಟ್. ಒಡೆದದ್ದನ್ನು ಸೇರಿಸಿಲ್ಲ. ಇವಕ್ಕೆ ಹೋದ ನೀರು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆ.

ಆನೆ ತುಳಿದ ಪೈಪಿನ ಎರಡು ಸಾಲು 20 ಕ್ರೇಟ್. ಮೀಟರ್ ಲೆಕ್ಕ ತೆಗೆದು ನೋಡಿದರೆ ಇಡೀ ಬೆಳೆಗೆ ಈ ಸಾಲಿಗೂ ನಡುವಿನ ಸಾಲಿಗೂ ನೀರಿನ ವ್ಯತ್ಯಾಸ ದೊಡ್ಡದೇನಲ್ಲ. ತಪ್ಪಿದ್ದು ಒಂಬತ್ತೇ ದಿನ. ಎರಡನೇ, ಮೂರನೇ ಗೊಂಚಲು ಇರಬೇಕಾದ ಜಾಗದಲ್ಲಿ ಬರೀ ಕಡ್ಡಿ. ಉಳಿದ ಹಣ್ಣು ಚೆನ್ನಾಗಿಯೇ ದಪ್ಪ ಆಯಿತು, ಆದರೆ ಎಣಿಕೆಯೇ ಇಲ್ಲ. ನಡುವಿನ ಸಾಲಲ್ಲಿ ತಿರುಗಾ ಮುರುಗಾ, ಎಣಿಕೆ ಇದೆ, ಹಣ್ಣು ಒಂದು ಸುತ್ತು ಸಣ್ಣ.

ಮೇಷ್ಟ್ರು ಸಿಹಿ ಅಳೆಯುವ ಮೀಟರ್ ತಂದಿದ್ದರು. ಪೂರ್ತಿ ನೀರಿನದ್ದು 4.4, ನಡುವಿನದ್ದು 5.5. ಅಮ್ಮನಿಗೆ ಮೀಟರ್ ಬೇಕಾಗಲಿಲ್ಲ. ಎರಡು ತಟ್ಟೆಯಲ್ಲಿ ಕೊಯ್ದಿಟ್ಟೆ, ಯಾವುದು ಯಾವುದು ಅಂತ ಹೇಳಲಿಲ್ಲ. ಎರಡನೇ ತಟ್ಟೆ ಖಾಲಿ ಮಾಡಿ, ಅಕ್ಕಿ ರೊಟ್ಟಿಗೆ ಚಟ್ನಿ ಮಾಡುವುದಾದರೆ ಇದರಲ್ಲೇ ಮಾಡು ಅಂದರು. ಹುಲ್ಲಿನ ಸಿಟ್ಟು ಮಾತ್ರ ಇನ್ನೂ ಇದೆ.

ಬೆಲೆ? ಮಂಡಿಯಲ್ಲಿ ಎರಡಕ್ಕೂ ಒಂದೇ ಬೆಲೆ. ಸಣ್ಣದರಲ್ಲಿ ಸ್ವಲ್ಪ ಎರಡನೇ ದರ್ಜೆಗೆ ಹೋಯಿತು. ಲೈನ್ ಅಣ್ಣ ಹೇಳಿದ ಹಾಗೇ ಆಯಿತು. ಆದರೆ ಸುಂಟಿಕೊಪ್ಪದ ಒಂದು ಹೋಂಸ್ಟೇಯವರು ಒಮ್ಮೆ ತಿಂದು ನೋಡಿ ವಾರಕ್ಕೆ ಎರಡು ಕ್ರೇಟ್ ಬೇಕು ಅಂದರು, ಮಂಡಿಗಿಂತ ಜಾಸ್ತಿ ಕೊಟ್ಟು. ಎರಡು ಕ್ರೇಟ್ ಅಷ್ಟೇ, ದೊಡ್ಡ ವ್ಯಾಪಾರ ಅಲ್ಲ.

ಕಾಫಿಯಲ್ಲಿ ಕಾಯಿ ಚೆನ್ನಾಗಿ ನಿಂತಿದೆ. ಕೆರೆಯಲ್ಲಿ ಮೊಣಕಾಲುದ್ದ ನೀರು ಉಳಿದಿದೆ.

ಸಿದ್ದಾಪುರ ರೊಬಸ್ಟಾ | ಏಪ್ರಿಲ್ 19

ಐದು ಕ್ರೇಟ್ ಹೋಯಿತು ಅಂತ ಟೊಮೆಟೊ ಕಡೆಯಿಂದ ನೋಡಬೇಡಿ. ಹೋಲಿಕೆ ಸಾಲಿನ ಹಾಗೆ ಮುಕ್ಕಾಲು ಎಕರೆಗೂ ಪೂರ್ತಿ ನೀರು ಬಿಟ್ಟಿದ್ದರೆ ಫೆಬ್ರವರಿ 17ಕ್ಕೆ ಮೇಲಿನ ತೋಟಕ್ಕೆ ಧೈರ್ಯವಾಗಿ 3 ಲಕ್ಷ ಲೀಟರ್ ಎತ್ತುತ್ತಿದ್ದಿರಾ?

ಗುಡ್ಡೆಹೊಸೂರು ತೋಟ | ಏಪ್ರಿಲ್ 19

ಇಲ್ಲ. ಒಂದು ಎಕರೆ ಬಿಟ್ಟುಬಿಡುತ್ತಿದ್ದೆ.

ಶನಿವಾರಸಂತೆ ಸೊಪ್ಪು | ಏಪ್ರಿಲ್ 20

ಆ ಆನೆ ಸಾಲಿನ ಲೆಕ್ಕ ಕೊಟ್ಟದ್ದಕ್ಕೆ ತುಂಬಾ ಥ್ಯಾಂಕ್ಸ್. ಬೇಕು ಅಂತ ಯಾರೂ ಹೂವಿನ ಕಾಲದಲ್ಲಿ ಒಂಬತ್ತು ದಿನ ನೀರು ನಿಲ್ಲಿಸಿ ನೋಡುವುದಿಲ್ಲ.

ಮಡಿಕೇರಿ ಟೆರೇಸ್ | ಏಪ್ರಿಲ್ 20

ಆನೆಗೂ ಸಂಶೋಧಕರ ಪಟ್ಟಿಯಲ್ಲಿ ಹೆಸರು ಹಾಕಿ.

ಶಿರಂಗಾಲ ಗದ್ದೆ | ಏಪ್ರಿಲ್ 21

ಮೇಷ್ಟ್ರೇ, ಆ ಮೀಟರ್ ಒಂದು ದಿನಕ್ಕೆ ಕೊಡುತ್ತೀರಾ? ಸುಮ್ನೆ ನಮ್ಮದು ಎಷ್ಟಿದೆ ಅಂತ ನೋಡೋಣ ಅಂತ. ಕೊಯ್ಲಿಗೆ ಇನ್ನು ಎಂಟು ದಿನ ಇದೆ.

ಮಣ್ಣಿನ ಮೇಷ್ಟ್ರು | ಏಪ್ರಿಲ್ 21

ಧಾರಾಳವಾಗಿ. ಹಿಂದಿನ ದಿನ ನೀರು ಬಿಡಬೇಡಿ ಅಷ್ಟೇ.